ಪಾಯ ತೆಗೆಯುವ ಮುನ್ನ ಗಡಿ ಅಳೆಯಿರಿ: ನೆರೆಯ ಒತ್ತುವರಿಗೆ ಪರಿಹಾರವೇನು?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಕಟ್ಟುವಾಗ ಪಕ್ಕದವರ ಗೋಡೆ ಒಂದಡಿ ಒಳಬಂದರಂತೂ ಕಷ್ಟ ಇಮ್ಮಡಿ. 30x40 ಅಡಿ ನಿವೇಶನದ ಉದ್ದಕ್ಕೂ ಒಂದಡಿ ಹೋದರೆ 40 ಚದರಡಿ ನಷ್ಟ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿ ಸುತ್ತಮುತ್ತ ಇದು ಸಣ್ಣ ಮೊತ್ತವಲ್ಲ.

ಮೊದಲು ದಾಖಲೆ

ಕ್ರಯಪತ್ರದ ಚಕ್ಕುಬಂದಿ ಮತ್ತು ಅಳತೆಯನ್ನು ಅನುಮೋದಿತ ಬಡಾವಣೆ ನಕ್ಷೆಯೊಂದಿಗೆ ತಾಳೆ ನೋಡಬೇಕು. ಗ್ರಾಮ ಪಂಚಾಯಿತಿಯ ಇ-ಸ್ವತ್ತು ಖಾತೆ ಮುಖ್ಯವಾದರೂ ಅದೊಂದರಿಂದಲೇ ಮಾಲೀಕತ್ವ ಸಿದ್ಧವಾಗದು.

ಹದ್ದುಬಸ್ತು

ಸರ್ವೆ ನಂಬರಿನ ಗಡಿಯೇ ವಿವಾದದಲ್ಲಿದ್ದರೆ ಭೂಮಾಪನ ಇಲಾಖೆಗೆ ಹದ್ದುಬಸ್ತು ಅರ್ಜಿ ಸಲ್ಲಿಸಬಹುದು. ಭೂಮಾಪಕರು ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ನೀಡಿ, ಮೂಲ ದಾಖಲೆಯಂತೆ ಅಳೆದು ಗಡಿ ಗುರುತಿಸುತ್ತಾರೆ. ಆ ಸರ್ವೆ ನಂಬರಿನೊಳಗಿನ ನಿವೇಶನಗಳ ನಡುವಿನ ಗೆರೆಗೆ ಬಡಾವಣೆ ನಕ್ಷೆ ಮತ್ತು ಕ್ರಯಪತ್ರಗಳೇ ಆಧಾರ.

ಪಂಚಾಯಿತಿಯ ಮಿತಿ

ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಕಟ್ಟಡಕ್ಕೆ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದಂತೆ ಅನುಮತಿ ಬೇಕು. ನೆರೆಯವರು ಅನುಮತಿ ಮೀರಿ ಕಟ್ಟುತ್ತಿದ್ದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಲಿಖಿತ ದೂರು ನೀಡಬಹುದು. ಆದರೆ ಜಾಗ ಯಾರದೆಂದು ತೀರ್ಮಾನಿಸುವುದು ಪಂಚಾಯಿತಿಯಲ್ಲ, ಪೊಲೀಸರೂ ಅಲ್ಲ, ಸಿವಿಲ್ ನ್ಯಾಯಾಲಯ.

ವಿಳಂಬವೇ ವೈರಿ

ಪಾಯ ತೆಗೆಯುವ ಹಂತದಲ್ಲೇ ದಿನಾಂಕಸಹಿತ ಛಾಯಾಚಿತ್ರ ತೆಗೆದು, ವಕೀಲರ ಮೂಲಕ ನೋಟಿಸ್ ನೀಡುವುದು ಲೇಸು. ದಾವೆ ಹೂಡಿ ತಾತ್ಕಾಲಿಕ ತಡೆಯಾಜ್ಞೆಯನ್ನೂ, ಸ್ಥಳ ಅಳತೆಗೆ ಕೋರ್ಟ್ ಕಮಿಷನರ್ ನೇಮಕವನ್ನೂ ಕೋರಬಹುದು. ಕಟ್ಟಿದ ಭಾಗವನ್ನು ತೆರವುಗೊಳಿಸುವಂತೆ ಆದೇಶಿಸುವ ಅಧಿಕಾರ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಡಿ ನ್ಯಾಯಾಲಯಕ್ಕಿದೆ. ಆದರೆ ತಾರಸಿ ಏಳುವವರೆಗೂ ಸುಮ್ಮನಿದ್ದವರಿಗೆ ತೆರವಿನ ಬದಲು ಪರಿಹಾರಧನವಷ್ಟೇ ದೊರೆಯಬಹುದು. ನೆರೆಯವರು ತಮ್ಮದೆಂದೇ ಬಹಿರಂಗವಾಗಿ 12 ವರ್ಷ ಅನುಭವಿಸಿದ ಜಾಗದ ಮೇಲಿನ ಹಕ್ಕೇ ಕಳೆದುಹೋಗುವ ಅಪಾಯವೂ ಉಂಟು.

ಸಿಟ್ಟಿನಲ್ಲಿ ತಾವೇ ಗೋಡೆ ಕೆಡವಿದರೆ ಕ್ರಿಮಿನಲ್ ಮೊಕದ್ದಮೆ ಎದುರಾಗುತ್ತದೆ. ನ್ಯಾಯ ತಮ್ಮ ಕಡೆಗಿದ್ದರೂ ಪ್ರಕರಣ ದುರ್ಬಲವಾಗುತ್ತದೆ.

ರಾಜಿಯ ದಾರಿ

ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಲೋಕ ಅದಾಲತ್‌ನಲ್ಲಿ ರಾಜಿಯಾಗಬಹುದು. ಅಲ್ಲಿನ ತೀರ್ಪಿಗೆ ಸಿವಿಲ್ ಡಿಕ್ರಿಯ ಬಲವಿದ್ದು, ಮೇಲ್ಮನವಿಗೆ ಅವಕಾಶವಿಲ್ಲ. ಒತ್ತುವರಿಯಾದ ತುಂಡನ್ನು ನೆರೆಯವರಿಗೇ ಮಾರಲು ಒಪ್ಪಿದರೆ ಬಿಳಿ ಹಾಳೆಯ ಕರಾರು ಸಾಲದು. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕ್ರಯಪತ್ರ ನೋಂದಣಿಯಾಗಬೇಕು.

ಇವೆಲ್ಲಕ್ಕಿಂತ ಅಗ್ಗದ ಉಪಾಯ ಒಂದೇ: ಮೇಸ್ತ್ರಿ ದಾರ ಕಟ್ಟುವ ದಿನ ನೆರೆಯವರನ್ನೂ ಕರೆದು, ಅವರೆದುರೇ ಗಡಿ ಅಳೆದು, ಇಬ್ಬರೂ ಸಹಿ ಹಾಕಿದ ನಕ್ಷೆ ಇಟ್ಟುಕೊಳ್ಳುವುದು.