ಸಡಿಲವೂ ಅಲ್ಲ, ಬಿಗಿಯೂ ಅಲ್ಲ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಓಡಾಡಿದರೆ ‘ಪುತ್ತೂರು ಕಟ್ಟು’ ಎಂಬ ಬೋರ್ಡು ಕಾಣದೆ ಇರದು. ಈ ಪುತ್ತೂರು ನಮ್ಮ ದಕ್ಷಿಣ ಕನ್ನಡದ್ದಲ್ಲ, ಆಂಧ್ರದ್ದು. ಅರೆದ ಸೊಪ್ಪು, ಮೊಟ್ಟೆಯ ಬಿಳಿ, ಬಿದಿರಿನ ದಬ್ಬೆ, ಬಟ್ಟೆ: ಮುರಿದ ಮೂಳೆ ಕಟ್ಟಲು ಸಾಮಗ್ರಿ ಇಷ್ಟೇ. ಅಲ್ಲಿ ಹೋಗಿ ಗುಣವಾದವರು ಬೇಕಾದಷ್ಟು ಜನ ಇದ್ದಾರೆ. ಅದರಲ್ಲಿ ಪವಾಡವೇನಿಲ್ಲ. ಮೂಳೆ ತಾನಾಗಿಯೇ ಕೂಡುತ್ತದೆ. ಮುರಿದಲ್ಲಿ ರಕ್ತ ಹೆಪ್ಪುಗಟ್ಟಿ, ಮೆತ್ತನೆಯ ಗಂಟು ಬೆಳೆದು, ವಾರಗಳು ಕಳೆದಂತೆ ಗಟ್ಟಿಯಾಗುತ್ತದೆ. ನೆಟ್ಟಗೆ ಕೂಡಬೇಕು, ಕಟ್ಟಿನ ಕೆಳಗೆ ರಕ್ತ ಓಡಬೇಕು. ಕಟ್ಟುವವರ ಕೈಯಲ್ಲಿರುವುದು ಅಷ್ಟೇ.

ಸುಶ್ರುತ ಸಂಹಿತೆಗೆ ಇದು ಚೆನ್ನಾಗಿ ಗೊತ್ತಿತ್ತು. ಮೂಳೆ ಮುರಿತದಲ್ಲಿ ಹನ್ನೆರಡು ಬಗೆ, ಕೀಲು ತಪ್ಪುವುದರಲ್ಲಿ ಆರು ಬಗೆ ಎಂದು ಎಣಿಸಿ, ಅತ್ತಿ, ಅರಳಿ, ಮುತ್ತುಗದ ತೊಗಟೆಯನ್ನೋ ಬಿದಿರನ್ನೋ ಇಟ್ಟು ಕಟ್ಟಬೇಕೆನ್ನುತ್ತದೆ. ಕಟ್ಟು ಸಡಿಲವಾದರೆ ಕೀಲು ನಿಲ್ಲದು, ಬಿಗಿಯಾದರೆ ಬಾವು, ನೋವು, ಕೀವು. ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ, ಚಳಿಯಲ್ಲಿ ಏಳು ದಿನಕ್ಕೊಮ್ಮೆ ಬಿಚ್ಚಿ ಕಟ್ಟಬೇಕು. ಬಿಗಿ ಕಟ್ಟಿನಿಂದ ರಕ್ತ ನಿಂತು ಮಕ್ಕಳ ಕೈ ಶಾಶ್ವತವಾಗಿ ಮುದುಡಿಕೊಳ್ಳುವುದನ್ನು ಜರ್ಮನಿಯ ಫೋಕ್‌ಮನ್ ವಿವರಿಸಿದ್ದು 1881ರಲ್ಲಿ. ಈಗಲೂ ಬೆರಳು ನೀಲಿಗಟ್ಟಿ, ಜೋಮು ಹಿಡಿದರೆ ಬೆಳಗಾಗಲಿ ಎಂದು ಕಾಯಬಾರದು, ಕಟ್ಟು ಯಾರು ಹಾಕಿದ್ದರೂ ಸರಿಯೆ.

1851ರಲ್ಲಿ ಡಚ್ ಸೇನಾ ವೈದ್ಯ ಮಥೈಸನ್ ಪಟ್ಟಿಗೆ ಪ್ಲಾಸ್ಟರ್ ಪುಡಿ ತಿಕ್ಕಿ, ನೀರಿನಲ್ಲಿ ನೆನೆಸಿ ಸುತ್ತಿದರು. ನಾವು ಸಿಮೆಂಟ್ ಪಟ್ಟಿ ಎನ್ನುವುದು ಇದನ್ನೇ. 1895ರಲ್ಲಿ ರಾಂಟ್‌ಜನ್ನರ ಎಕ್ಸ್‌ರೇ ಬಂದ ಮೇಲೆ ತಡಕಾಟ ತಪ್ಪಿತು. ಆದರೆ ಪ್ಲಾಸ್ಟರಿಗೆ ಒಂದು ಶಾಪವಿದೆ. ಒಳಗಿನ ತುರಿಕೆಗೆ ಸ್ಕೇಲು ತೂರಿಸಿ ಆರು ವಾರ ಕಳೆದವರಿಗೆ ಗೊತ್ತು: ಬಿಚ್ಚಿದಾಗ ಮೂಳೆ ಕೂಡಿರುತ್ತದೆ, ಕೈ ಮಾತ್ರ ಒಣಕಲು ಕಡ್ಡಿಯಾಗಿ ಮಡಚಲೇ ಬರುವುದಿಲ್ಲ.

ಅದಕ್ಕೆ ಉತ್ತರ ಕೊಟ್ಟದ್ದು ಜರ್ಮನಿಯ ಕೀಲ್ ನಗರದ ವೈದ್ಯ ಗೆರ್ಹಾರ್ಡ್ ಕುಂಚರ್. 1939ರಲ್ಲಿ ಅವರು ತೊಡೆಮೂಳೆಯ ಮಜ್ಜೆಯ ಕೊಳವೆಗೆ ಉದ್ದನೆಯ ಉಕ್ಕಿನ ಮೊಳೆ ಇಳಿಸಿದರು. ಸಹೋದ್ಯೋಗಿಗಳು ಮೂಗು ಮುರಿದರು. ಎರಡನೇ ಮಹಾಯುದ್ಧ ಮುಗಿದು, ಜರ್ಮನಿಯಲ್ಲಿ ಸೆರೆಯಾಗಿದ್ದ ಅಮೆರಿಕದ ಸೈನಿಕರು ತೊಡೆಯೊಳಗೆ ಲೋಹ ಹೊತ್ತು ಊರಿಗೆ ಮರಳಿದಾಗ ಅಲ್ಲಿನ ವೈದ್ಯರು ಎಕ್ಸ್‌ರೇ ನೋಡಿ ಬೆರಗಾದರು. ತಿಂಗಳುಗಟ್ಟಲೆ ತೂಕ ಕಟ್ಟಿಕೊಂಡು ಮಲಗಬೇಕಿದ್ದವರು ಬೇಗನೆ ಎದ್ದು ನಡೆದಾಡಿದ್ದರು. ಇಂದು ‘ಕಾಲಿಗೆ ರಾಡ್ ಹಾಕಿದಾರೆ’ ಎನ್ನುವುದರ ಮೂಲ ಅಲ್ಲಿದೆ. ಸ್ವಿಸ್ ವೈದ್ಯರ ಎಒ ಬಳಗ (1958) ಪ್ಲೇಟು, ಸ್ಕ್ರೂಗಳಿಂದ ಮುರಿತ ಕೊಂಚವೂ ಅಲುಗದಂತೆ ಬಿಗಿಯಲು ಹೊರಟಿತು. ಕಡೆಗೆ ಅದೂ ಮೂಳೆಯ ರಕ್ತಸಂಚಾರ ಕೆಡಿಸದಿರುವುದೇ ಮುಖ್ಯವೆಂಬಲ್ಲಿಗೆ ಬಂತು.

ಸೈಬೀರಿಯಾದ ಕುರ್ಗಾನ್‌ನಲ್ಲಿ ವೈದ್ಯ ಇಲಿಜರೋವ್ ಕಾಲಿಗೆ ಹೊರಗಿನಿಂದ ಬಳೆ ತೊಡಿಸಿ, ಮೂಳೆಗೆ ತಂತಿ ತೂರಿಸಿ, ಅದರ ತುಂಡುಗಳನ್ನು ದಿನಕ್ಕೆ ಒಂದು ಮಿಲಿಮೀಟರಿನಂತೆ ಎಳೆದರೆ ನಡುವಿನ ಬಿರುಕಿನಲ್ಲಿ ಹೊಸ ಮೂಳೆ ಬೆಳೆಯುತ್ತದೆಂದು ತೋರಿಸಿದರು. ಎತ್ತರ ಜಿಗಿತದ ಚಾಂಪಿಯನ್ ಬ್ರುಮೆಲ್ ಬೈಕ್ ಅಪಘಾತದ ಬಳಿಕ ಮತ್ತೆ ಜಿಗಿದದ್ದು ಇವರ ಆರೈಕೆಯಿಂದ.

ಮುರಿಯದಂತೆ ಕಾಯುವ ವಿದ್ಯೆ ಮಾತ್ರ ಇನ್ನೂ ಬಡವಿ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಯಂತ್ರ ಬಂದದ್ದು 1980ರ ದಶಕದಲ್ಲಿ, ಸವೆತ ತಡೆಯುವ ಅಲೆಂಡ್ರೊನೇಟ್ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1995ರಲ್ಲಿ. ನಮ್ಮ ದೊಡ್ಡಮ್ಮ ಬಚ್ಚಲಲ್ಲಿ ಜಾರಿ ‘ಸೊಂಟ’ ಮುರಿದುಕೊಂಡಾಗ, ಮುರಿದದ್ದು ತೊಡೆಮೂಳೆಯ ಕತ್ತು. ಅದಕ್ಕೆ ಎರಡು ವರ್ಷದ ಹಿಂದೆ ಮಣಿಕಟ್ಟು ಮುರಿದಿತ್ತು. ಆಗ ಪ್ಲಾಸ್ಟರ್ ಹಾಕಿ ಕಳಿಸಿದರೇ ಹೊರತು, ನಿಂತಲ್ಲೇ ಬಿದ್ದರೆ ಮೂಳೆ ಯಾಕೆ ಮುರಿಯಿತೆಂದು ಆಸ್ಪತ್ರೆಯವರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಬಚ್ಚಲ ಗೋಡೆಗೆ ಹಿಡಿಕೆ ಹಾಕಿಸಿದ್ದು ಅವರನ್ನು ಎರಡನೇ ಸಲ ಮನೆಗೆ ಕರೆತಂದ ಮೇಲೆ.