ಕ್ಲೈಂಟ್ ಏನಂತಾರೋ...

ಮೊನ್ನೆ ರಾತ್ರಿ ಹನ್ನೊಂದಕ್ಕೆ ಗೆಳೆಯನೊಬ್ಬ ಫೋನ್ ಮಾಡಿದ್ದ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಸರ್ವಿಸ್ ಕಂಪನಿಯಲ್ಲಿದ್ದಾನೆ. ನಾಲ್ಕು ರೌಂಡ್ ಇಂಟರ್‌ವ್ಯೂ ದಾಟಿ ಸೇರಿದವನು. ಈಗ ಹೊಸ ಪ್ರಾಜೆಕ್ಟಿಗೆ ಅಂತ ಅಮೆರಿಕದ ಕ್ಲೈಂಟ್ ಅರ್ಧ ಗಂಟೆ ಮಾತಾಡಿಸಿ ಬೇಡ ಅಂದರಂತೆ. ಯಾಕೋ ಅಂದೆ. "ಕ್ಲೈಂಟ್‌ಗೆ ಸರಿ ಬರಲಿಲ್ವಂತೆ ಕಣೋ, ಮ್ಯಾನೇಜರ್ ಅಷ್ಟೇ ಹೇಳಿದ್ದು." ಮತ್ತೆ ಬೆಂಚು. ಅದು ನಿಜಕ್ಕೂ ಕ್ಲೈಂಟ್ ಆಡಿದ ಮಾತೋ, ಮ್ಯಾನೇಜರ್ ಕ್ಲೈಂಟಿನ ಬಾಯಲ್ಲಿ ಆಡಿಸಿದ ಮಾತೋ ಅಂತ ತಿಳಿಯೋಕೆ ಇವನಿಗೆ ದಾರಿಯೇ ಇಲ್ಲ.

ಈ ಅನುಮಾನಕ್ಕೆ ದೊಡ್ಡ ಇತಿಹಾಸವೇ ಇದೆ. ಕನ್ಸಲ್ಟಿಂಗ್ ಅನ್ನೋದು ಮಾರುವುದಕ್ಕೆ ಕೈಯಲ್ಲಿ ಸಾಮಾನಿಲ್ಲದ ವ್ಯಾಪಾರ. ಮನುಷ್ಯನೇ ಸರಕು. ಹಾಗಾಗಿ ಕೊಳ್ಳುವವನ ಕಣ್ಣಿಗೆ ಹೇಗೆ ಕಾಣುತ್ತಾನೆ ಅನ್ನೋದು ಮೊದಲಿನಿಂದಲೂ ಲೆಕ್ಕಕ್ಕೆ ಬಂದಿದೆ. 1926ರಲ್ಲಿ ಷಿಕಾಗೋದಲ್ಲಿ ಶುರುವಾದ ಮೆಕಿನ್ಸಿ ಕಂಪನಿಯನ್ನು ಬೆಳೆಸಿದ ಮಾರ್ವಿನ್ ಬೋವರ್ ತನ್ನವರು ಟೋಪಿ ಹಾಕಬೇಕು, ಉದ್ದ ಕಾಲುಚೀಲ ತೊಡಬೇಕು ಅಂತ ಹಟ ಹಿಡಿದವನು. ಕ್ಲೈಂಟಿನ ಗಮನ ನಮ್ಮ ವೇಷದ ಕಡೆ ಹೋಗಬಾರದು, ಹೇಳುವ ಮಾತಿನ ಕಡೆ ಇರಬೇಕು ಅನ್ನೋದು ಅವನ ವಾದ. ಅದೇ ಬೋವರ್ 1950ರ ದಶಕದಲ್ಲಿ, ಉದ್ಯಮದಲ್ಲಿ ಪಳಗಿದವರ ಬದಲು ಹಾರ್ವರ್ಡಿನಂಥ ಕಡೆ ಆಗಷ್ಟೇ ಎಂ.ಬಿ.ಎ. ಮುಗಿಸಿದ ಹುಡುಗರನ್ನು ಸೇರಿಸಿಕೊಳ್ಳುವುದಕ್ಕೆ ಒತ್ತು ಕೊಟ್ಟ. ಹುಡುಗರು ಅಂದೆ, ಸುಮ್ಮನೆ ಅಂದಿದ್ದಲ್ಲ. ಹಾರ್ವರ್ಡ್ ತನ್ನ ಎರಡು ವರ್ಷದ ಎಂ.ಬಿ.ಎ.ಗೆ ಹೆಂಗಸರನ್ನು ನೇರವಾಗಿ ಸೇರಿಸಿಕೊಂಡಿದ್ದೇ 1963ರಲ್ಲಿ!

ಮುಂದಿನ ವರ್ಷವೇ, ಅಂದರೆ 1964ರಲ್ಲಿ, ಅಮೆರಿಕದಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂತು. ಕೆಲಸ ಕೊಡುವಾಗ ಗಂಡು ಹೆಣ್ಣು ಅಂತ ಭೇದ ಮಾಡಬಾರದು ಅಂದಿತು. ಆಗ ಶುರುವಾಯಿತು ನೋಡಿ, "ನಮಗೇನೂ ಇಲ್ಲಪ್ಪ, ಗಿರಾಕಿಗಳು ಒಪ್ಪಲ್ಲ" ಅನ್ನೋ ರಾಗ. ಪ್ಯಾನ್ ಆಮ್ ವಿಮಾನ ಕಂಪನಿ, ಪ್ರಯಾಣಿಕರಿಗೆ ಗಗನಸಖಿಯರೇ ಇಷ್ಟ ಅಂತ ಸಮೀಕ್ಷೆ ಹಿಡಿದುಕೊಂಡು ಕೋರ್ಟಿಗೆ ಬಂತು. ಕೆಲಸ ಕೇಳಿದವನು ಗಂಡಸು. 1971ರಲ್ಲಿ ಮೇಲ್ಮನವಿ ಕೋರ್ಟು ಆ ವಾದ ನಡೆಯಲ್ಲ ಅಂದಿತು. ವಿನ್ ಆಯಿಲ್ ಅನ್ನೋ ಕಂಪನಿ, ದಕ್ಷಿಣ ಅಮೆರಿಕದ ಕ್ಲೈಂಟುಗಳು ಹೆಂಗಸಿನ ಜೊತೆ ವ್ಯವಹಾರ ಮಾಡಲ್ಲ ಅಂದಿತು. 1981ರಲ್ಲಿ ಅದಕ್ಕೂ ಅದೇ ಉತ್ತರ ಸಿಕ್ಕಿತು. (ಆ ಹೆಂಗಸು ಕೇಸು ಸೋತರು, ಅದು ಅರ್ಹತೆಯ ಪ್ರಶ್ನೆಯ ಮೇಲೆ. ತತ್ವ ಮಾತ್ರ ಉಳಿಯಿತು.)

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಆನ್ ಹಾಪ್ಕಿನ್ಸ್ ಕಥೆ. ಪ್ರೈಸ್ ವಾಟರ್‌ಹೌಸ್ ಕಂಪನಿಯ ವಾಷಿಂಗ್ಟನ್ ಆಫೀಸಿನಲ್ಲಿ, ಸರ್ಕಾರಿ ಇಲಾಖೆಗಳಿಗೆ ಸಲಹೆ ಕೊಡುವ ವಿಭಾಗದಲ್ಲಿ ಇದ್ದವರು. 1982ರಲ್ಲಿ ಪಾರ್ಟ್ನರ್ ಹುದ್ದೆಗೆ 88 ಹೆಸರು ಬಂದವು. ಅದರಲ್ಲಿ ಹೆಂಗಸು ಇವರೊಬ್ಬರೇ. ಆಗ ಕಂಪನಿಯಲ್ಲಿದ್ದ 662 ಪಾರ್ಟ್ನರುಗಳಲ್ಲಿ ಹೆಂಗಸರು ಏಳು ಜನ. ಅಮೆರಿಕದ ವಿದೇಶಾಂಗ ಇಲಾಖೆಯಿಂದ ಎರಡೂವರೆ ಕೋಟಿ ಡಾಲರಿನ ಕೆಲಸ ತಂದುಕೊಟ್ಟವರು ಇವರು. ಇಲಾಖೆಯ ಅಧಿಕಾರಿ ಇವರನ್ನು ಬಹಳ ಸಮರ್ಥೆ, ಬುದ್ಧಿವಂತೆ ಅಂತ ಹೊಗಳಿದ್ದರು. ಕ್ಲೈಂಟುಗಳಿಗೆ ಇವರ ಕೆಲಸ ಮೆಚ್ಚುಗೆಯಾಗಿತ್ತು ಅಂತ ನ್ಯಾಯಾಧೀಶರೇ ಬರೆದಿದ್ದಾರೆ.

ಅಂದರೆ ಕ್ಲೈಂಟು ಖುಷ್! ಅಡ್ಡ ಬಂದವರು ಒಳಗಿನವರು. ಸ್ಟಾಫಿನ ಮೇಲೆ ರೇಗುತ್ತಾರೆ, ಮಾತು ಒರಟು ಅನ್ನೋ ದೂರಿತ್ತು, ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ಅದರ ಜೊತೆಗೆ ಪಾರ್ಟ್ನರುಗಳು ಬರೆದದ್ದೇನು? ಒಬ್ಬರು ಗಂಡುಬೀರಿ ಅನ್ನೋ ಅರ್ಥದ ಮಾತು ಬರೆದರು, ಇನ್ನೊಬ್ಬರು ನಯನಾಜೂಕು ಕಲಿಸುವ ಶಾಲೆಗೆ ಹೋಗಲಿ ಅಂದರು. ಹೆಸರನ್ನು ಮುಂದಕ್ಕೆ ಹಾಕಿದ ಮೇಲೆ, ಇವರ ಪರವಾಗಿದ್ದ ಹಿರಿಯರೇ ಕರೆದು ಕೊಟ್ಟ ಬುದ್ಧಿವಾದ: ಹೆಣ್ಣಿನ ಹಾಗೆ ನಡೆ, ಹೆಣ್ಣಿನ ಹಾಗೆ ಮಾತಾಡು, ಮೇಕಪ್ ಮಾಡಿಕೋ, ಕೂದಲು ಸರಿ ಮಾಡಿಸಿಕೋ, ಒಡವೆ ಹಾಕಿಕೋ. ಎರಡೂವರೆ ಕೋಟಿ ತಂದವರಿಗೆ ಓಲೆ ಝುಮಕಿ ಇಲ್ಲ ಅನ್ನೋದೇ ಕೊರತೆ ಆಯಿತು ಃ-)

ಮರುವರ್ಷ ಹೆಸರನ್ನು ಸೂಚಿಸಲೇ ಇಲ್ಲ. 1984ರಲ್ಲಿ ರಾಜೀನಾಮೆ ಕೊಟ್ಟು ಕೇಸು ಹಾಕಿದರು. 1989ರ ಮೇ 1ರಂದು ಸುಪ್ರೀಂ ಕೋರ್ಟು, ಹೆಣ್ಣು ಹೀಗೇ ಇರಬೇಕು ಅನ್ನೋ ಅಚ್ಚಿಗೆ ಕೂರಿಸಿ ತೀರ್ಮಾನ ಮಾಡುವುದೂ ಭೇದಭಾವವೇ ಅಂತ ಒಪ್ಪಿಕೊಂಡಿತು. ಕೇಸು ಮತ್ತೆ ಕೆಳಗಿನ ಕೋರ್ಟಿಗೆ ಹೋಗಿ, 1990ರಲ್ಲಿ ಇವರನ್ನು ಪಾರ್ಟ್ನರ್ ಮಾಡಿ ಅನ್ನೋ ಆದೇಶ ಬಂತು.

ಹಾಪ್ಕಿನ್ಸ್ ಕೇಸು ಗೆಲ್ಲೋಕೆ ಇದ್ದ ದೊಡ್ಡ ಅನುಕೂಲ ಅಂದರೆ ಎಲ್ಲ ಕಾಗದದ ಮೇಲಿತ್ತು. ಪ್ರೈಸ್ ವಾಟರ್‌ಹೌಸಿನಲ್ಲಿ ಪ್ರತಿ ಹೆಸರಿನ ಬಗ್ಗೆಯೂ ಪಾರ್ಟ್ನರುಗಳು ಬರೆದು ಕೊಡುವ ಪದ್ಧತಿ ಇತ್ತು. ಕ್ಲೈಂಟ್ ಏನಂದರು, ಒಳಗಿನವರು ಏನಂದರು ಅಂತ ಕೋರ್ಟು ಬೇರೆ ಬೇರೆಯಾಗಿ ಓದಬಹುದಿತ್ತು. ನನ್ನ ಗೆಳೆಯನ ಹತ್ತಿರ ಇರೋದು ಫೋನಿನಲ್ಲಿ ಕೇಳಿದ ಒಂದು ವಾಕ್ಯ.

ಹಾಪ್ಕಿನ್ಸ್ 1991ರಲ್ಲಿ ಅದೇ ಕಂಪನಿಗೆ ವಾಪಸ್ ಹೋದರು, ಪಾರ್ಟ್ನರ್ ಆಗಿ. ಇವರನ್ನು ಬೇಡ ಅಂದಿದ್ದವರಲ್ಲಿ ಎಷ್ಟು ಜನ ಆಗ ಎದುರು ಬಂದರೋ! 1996ರಲ್ಲಿ ಇದನ್ನೆಲ್ಲ ಒಂದು ಪುಸ್ತಕ ಮಾಡಿ ಬರೆದರು. ತೀರಿಕೊಂಡಿದ್ದು 2018ರಲ್ಲಿ.