ಲೇಖಕನ ಉದ್ದೇಶ ಮತ್ತು ಪುಸ್ತಕದ ಮುಟ್ಟುಗೋಲು: ‘ಧರ್ಮಕಾರಣ’ ತೀರ್ಪಿನ ಮರುಪರಿಶೀಲನೆ

ಮಾನನಷ್ಟ, ಕೃತಿಸ್ವಾಮ್ಯ, ಅಶ್ಲೀಲತೆಗಳ ಮೊಕದ್ದಮೆಗಳ ಕುರಿತು ಸಾಕಷ್ಟು ಬರವಣಿಗೆ ಬಂದಿದೆ. ಧಾರ್ಮಿಕ ಭಾವನೆಗೆ ಧಕ್ಕೆ ತಂದ ಆರೋಪದಲ್ಲಿಯೂ, ಬುದ್ಧಿಪೂರ್ವಕವಾದ ದುರುದ್ದೇಶವಿಲ್ಲದೆ ಹಿಂದಿನ ದಂಡ ಸಂಹಿತೆಯ 295-ಎ ಕಲಮಿನ ಅಪರಾಧವಾಗದೆಂಬುದು ರಾಮಜಿಲಾಲ್ ಮೋದಿ ಪ್ರಕರಣದಿಂದ (1957) ಈಚೆಗೆ ಸರ್ವಸಮ್ಮತ. ಇದರಿಂದ, ಸದುದ್ದೇಶವುಳ್ಳವನ ಪುಸ್ತಕಕ್ಕೂ ಅಪಾಯವಿಲ್ಲವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ವಿವಾದವಿರುವುದು ಈ ಭಾವನೆಯ ಬಗ್ಗೆಯೇ.

ಬಸವಣ್ಣನವರ ಬದುಕನ್ನು ವಸ್ತುವಾಗುಳ್ಳ ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಯನ್ನು, ಮುಖ್ಯವಾಗಿ ಅಕ್ಕನಾಗಮ್ಮನ ಚಿತ್ರಣದ ಕಾರಣಕ್ಕಾಗಿ, ರಾಜ್ಯ ಸರ್ಕಾರವು 1997ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಯ 95ನೇ ಕಲಮಿನಡಿ ಮುಟ್ಟುಗೋಲು ಹಾಕಿಕೊಂಡಿತು. ಮುಟ್ಟುಗೋಲೆಂದರೆ ಪ್ರತಿಗಳೆಲ್ಲವೂ ಸರ್ಕಾರದ ವಶವಾಗುವ ಕ್ರಮ. ಅದನ್ನು ಉಚ್ಚ ನ್ಯಾಯಾಲಯದ ವಿಶೇಷ ಪೀಠದೆದುರು ಎರಡು ತಿಂಗಳೊಳಗೆ ಪ್ರಶ್ನಿಸಬೇಕು. ಬರಗೂರು ರಾಮಚಂದ್ರಪ್ಪನವರ ಹೆಸರಿನ ಮೇಲ್ಮನವಿಯಲ್ಲಿ ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಆದೇಶವನ್ನು ಎತ್ತಿಹಿಡಿಯಿತು. 95ನೇ ಕಲಮು ಅಪರಾಧ ರುಜುವಾತಾಗಬೇಕೆಂದು ಕೇಳುವುದಿಲ್ಲ, ಸರ್ಕಾರಕ್ಕೆ ಅಪರಾಧದ ಅಂಶಗಳು ‘ಕಂಡುಬಂದರೆ’ ಸಾಕೆನ್ನುತ್ತದೆ. ಆ ಪ್ರಾಥಮಿಕ ಅಭಿಪ್ರಾಯವನ್ನು ಅಲ್ಲಗಳೆಯುವ ಹೊರೆ ಅರ್ಜಿದಾರನದು. ಬಹುಶಃ ಇದನ್ನು ಹೀಗೂ ಹೇಳಬಹುದು: ಕಟಕಟೆಯಲ್ಲಿ ನಿಲ್ಲುವುದು ಲೇಖಕನಲ್ಲ, ಪುಸ್ತಕ. ಆದರೆ ಇದನ್ನು ಅತಿಯಾಗಿ ಎಳೆಯಲಾಗದು. ಬರಹದ ಭಾಷೆಯಿಂದಲೇ ಉದ್ದೇಶವನ್ನು ಗ್ರಹಿಸಬೇಕೆಂದು ನ್ಯಾಯಾಲಯಗಳು ಒಪ್ಪಿರುವುದರಿಂದ, ಉದ್ದೇಶವು ಪೂರ್ತಿ ಹೊರಗುಳಿಯುವುದಿಲ್ಲ, ಅದರ ಪುರಾವೆಯ ಮಟ್ಟ ಮಾತ್ರ ಇಳಿಯುತ್ತದೆ.

ಶಿವಾಜಿಯನ್ನು ಕುರಿತ ಜೇಮ್ಸ್ ಲೇನ್ ಅವರ ಪುಸ್ತಕದ ಮೇಲಣ ನಿಷೇಧವನ್ನು ಅದೇ ನ್ಯಾಯಾಲಯವು 2010ರಲ್ಲಿ ನಿಲ್ಲಗೊಡಲಿಲ್ಲವಾದ್ದರಿಂದ, ಎರಡು ತೀರ್ಪುಗಳು ಪರಸ್ಪರ ವಿರುದ್ಧವೆಂಬ ವಾದವಿದೆ. ಆ ವಾದ ಸಡಿಲವಾದುದು. ಲೇನ್ ಪುಸ್ತಕದ ವಿರುದ್ಧದ ಕ್ರಿಮಿನಲ್ ಮೊಕದ್ದಮೆಯು ದುರುದ್ದೇಶದ ಕೊರತೆಯಿಂದಾಗಿ 2007ರಲ್ಲಿಯೇ ರದ್ದಾಗಿತ್ತು. ನಿಷೇಧ ಮಾತ್ರ ಅದರಿಂದ ತಾನಾಗಿ ಬೀಳಲಿಲ್ಲ, ಬೇರೆಯೇ ಪ್ರಕರಣದಲ್ಲಿ ಬೇರೆಯೇ ಕಾರಣಕ್ಕೆ, ಅಂದರೆ ಯಾವ ಸಮುದಾಯಗಳ ನಡುವೆ ದ್ವೇಷ ಹುಟ್ಟುವುದೆಂಬುದನ್ನು ಅಧಿಸೂಚನೆ ಹೆಸರಿಸದಿದ್ದುದಕ್ಕೆ, ಬಿದ್ದಿತು. ಪೆರಿಯಾರರ ರಾಮಾಯಣ ವಿಮರ್ಶೆಯ ಹಿಂದಿ ಅನುವಾದದ ಮೇಲಿನ ನಿಷೇಧವು 1976ರಲ್ಲಿ ಸೋತದ್ದೂ ಆಧಾರಗಳನ್ನು ನಮೂದಿಸದ ಲೋಪದಿಂದಲೇ. ಹೀಗೆ ಉಳಿದ ಪುಸ್ತಕಗಳಿಗೆ ಗುಮಾಸ್ತೆಯ ಅಜಾಗರೂಕತೆಯೇ ಒದಗಿಬಂದಿತೆಂದರೆ ಕಟುವಾದೀತು, ಸುಳ್ಳಾಗದು.

2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 98ನೇ ಕಲಮಿನಲ್ಲಿ ಮುಟ್ಟುಗೋಲಿನ ಇದೇ ಅಧಿಕಾರ ಮುಂದುವರಿದಿದೆ. ಜನಪದ, ಸಂಪ್ರದಾಯ, ಇತಿಹಾಸಗಳ ಆಧಾರವಿದ್ದರೆ ಲೇಖಕನ ಪರವಾಗಿ ಏನಾದರೂ ಹೇಳಬಹುದೆಂದು 2010ರ ತೀರ್ಪು ಸೂಚಿಸಿದೆ. ಆದರೆ ಆಕರಗಳು ಮೌನವಾಗಿರುವೆಡೆಯಲ್ಲಿ ಕಾದಂಬರಿಕಾರನು ಕಲ್ಪಿಸಿ ತುಂಬಿದ ಭಾಗಕ್ಕೆ ಈ ರಿಯಾಯಿತಿ ಸಲ್ಲುವುದೇ ಎಂಬುದು ಇನ್ನೂ ವಿಚಾರಣೀಯ.